ಹಾರಾಟದ ಹಾದಿ, ವ್ಯಾಪಾರದ ಲೆಕ್ಕ: ಪಥ ನಿಯಂತ್ರಣದಲ್ಲಿ ಅತ್ಯುತ್ತಮೀಕರಣ ವಿಧಾನಗಳು

ನಮ್ಮ ಜಿಲ್ಲೆಯ ವ್ಯಾಪಾರಸ್ಥರಿಗೆ ಚಳ್ಳಕೆರೆ ಎಂದರೆ ಶೇಂಗಾ ಮತ್ತು ಎಣ್ಣೆ ಗಿರಣಿಗಳ ಊರು. ಹೆದ್ದಾರಿಯಲ್ಲಿ ರಾಣೇಬೆನ್ನೂರು, ದಾವಣಗೆರೆಗಳನ್ನು ದಾಟಿ ಚಿತ್ರದುರ್ಗದಿಂದ ಒಳಕ್ಕೆ ಹೊರಳಿದರೆ ಆ ಪೇಟೆ ಸಿಗುತ್ತದೆ. ಅದೇ ಊರಿನ ಸಮೀಪದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2024ರ ಜೂನ್ 23ರ ಭಾನುವಾರ ಬೆಳಿಗ್ಗೆ ಅಲ್ಲಿ ಒಂದು ಅಪರೂಪದ ಪರೀಕ್ಷೆ ನಡೆಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ತನ್ನ ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಹೋದ ರೆಕ್ಕೆಯ ವಾಹನವೊಂದನ್ನು 4.5 ಕಿ.ಮೀ. ಎತ್ತರದಲ್ಲಿ ಕೈಬಿಟ್ಟಿತು. ಆ ವಾಹನದಲ್ಲಿ ಚಾಲಕನಿರಲಿಲ್ಲ. ಅದನ್ನು ಮುಂದಕ್ಕೆ ತಳ್ಳುವ ಎಂಜಿನ್ ಕೂಡ ಕೆಲಸ ಮಾಡುತ್ತಿರಲಿಲ್ಲ. ರನ್‌ವೇ 4.5 ಕಿ.ಮೀ. ದೂರದಲ್ಲಿತ್ತು, ಅದೂ ನೇರಕ್ಕಿರದೆ 500 ಮೀಟರ್ ಪಕ್ಕಕ್ಕಿತ್ತು. ವಾಹನವು ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಬಂದು ರನ್‌ವೇಯ ಮಧ್ಯರೇಖೆಯ ಮೇಲೆ ಇಳಿದು ನಿಂತಿತು.

ಮೆಣಸಿನಕಾಯಿ, ಹತ್ತಿ, ಬಿತ್ತನೆ ಬೀಜ, ಕೃಷಿ ಉಪಕರಣಗಳ ವಹಿವಾಟಿನಲ್ಲಿ ತೊಡಗಿರುವ ನಮ್ಮ ಸದಸ್ಯರಿಗೂ ಈ ಪರೀಕ್ಷೆಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಆ ವಾಹನದೊಳಗಿನ ಗಣಕವು ಮಾಡಿದ ಲೆಕ್ಕ ಮತ್ತು ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಟೆಂಡರ್ ಬರೆಯುವ ಖರೀದಿದಾರನು ಮನಸ್ಸಿನಲ್ಲೇ ಮಾಡುವ ಲೆಕ್ಕ, ಇವೆರಡೂ ಒಂದೇ ಶಾಸ್ತ್ರಕ್ಕೆ ಸೇರಿದವು ಎಂಬುದೇ ಇದಕ್ಕೆ ಉತ್ತರ. ಇರುವ ಬಂಡವಾಳದಲ್ಲಿ, ಇರುವ ಕಟ್ಟುಪಾಡುಗಳೊಳಗೆ ಅತ್ಯಂತ ಲಾಭದಾಯಕವಾದ ದಾರಿಯನ್ನು ಆರಿಸುವ ಈ ಶಾಸ್ತ್ರಕ್ಕೆ ಅತ್ಯುತ್ತಮೀಕರಣ ಎಂದು ಹೆಸರು. ಹಾರಾಟಪಥದ ನಿಯಂತ್ರಣದಲ್ಲಿ ಅದು ಹೇಗೆ ಬಳಕೆಯಾಗುತ್ತದೆ, ಎಲ್ಲಿ ಎಡವಿತು, ಎಡವಿದ ಮೇಲೆ ಏನನ್ನು ಕಲಿಸಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಅತ್ಯುತ್ತಮೀಕರಣ ಎಂದರೇನು?

ಈ ಜಾತಿಯ ಪ್ರತಿಯೊಂದು ಲೆಕ್ಕಕ್ಕೂ ಮೂರು ಅಂಗಗಳಿರುತ್ತವೆ. ಮೊದಲನೆಯದು ಗುರಿ: ಯಾವುದನ್ನು ಹೆಚ್ಚಿಸಬೇಕು ಅಥವಾ ಯಾವುದನ್ನು ಕಡಿಮೆ ಮಾಡಬೇಕು ಎಂಬುದು. ಎರಡನೆಯದು ಆಯ್ಕೆ: ನಮ್ಮ ಕೈಯಲ್ಲಿರುವ, ನಾವು ಬದಲಿಸಬಹುದಾದ ಅಂಶಗಳು. ಮೂರನೆಯದು ನಿರ್ಬಂಧ: ಮೀರಲಾಗದ ಮಿತಿಗಳು. ಈ ಮೂರನ್ನು ಸ್ಪಷ್ಟವಾಗಿ ಬರೆದರೆ ಲೆಕ್ಕದ ಅರ್ಧ ಕೆಲಸ ಮುಗಿದಂತೆಯೇ ಸರಿ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಬ್ಬ ವ್ಯಾಪಾರಿಯ ಬಳಿ 15 ಲಕ್ಷ ರೂಪಾಯಿ ಇದೆ. ಆತ ಗೊತ್ತುಮಾಡಿದ ಲಾರಿಯಲ್ಲಿ 90 ಕ್ವಿಂಟಲ್ ಮೆಣಸಿನಕಾಯಿ ಹಿಡಿಯುತ್ತದೆ. ಡಬ್ಬಿ ತಳಿಯ ದರ ಕ್ವಿಂಟಲ್‌ಗೆ 20,000 ರೂ., ಅದರಲ್ಲಿ ಉಳಿಯುವ ಲಾಭ 1,200 ರೂ. ಕಡ್ಡಿ ತಳಿಯ ದರ 15,000 ರೂ., ಲಾಭ 1,000 ರೂ. ಹಾಗಾದರೆ ಯಾವುದನ್ನು ಎಷ್ಟು ಕೊಳ್ಳಬೇಕು?

ಲಾಭ ಹೆಚ್ಚಿರುವ ಡಬ್ಬಿಯನ್ನೇ ಕೊಂಡರೆ 75 ಕ್ವಿಂಟಲ್‌ಗೆ ಹಣ ಮುಗಿಯುತ್ತದೆ, ಲಾರಿಯಲ್ಲಿ ಜಾಗ ಖಾಲಿ ಉಳಿಯುತ್ತದೆ. ಲಾಭ 90,000 ರೂ. ಕಡ್ಡಿಯನ್ನೇ ಕೊಂಡರೆ ಲಾರಿ ತುಂಬುತ್ತದೆ, ಆದರೆ ಒಂದೂವರೆ ಲಕ್ಷ ರೂಪಾಯಿ ದುಡಿಯದೆ ಉಳಿಯುತ್ತದೆ. ಲಾಭ ಆಗಲೂ 90,000 ರೂ. 30 ಕ್ವಿಂಟಲ್ ಡಬ್ಬಿ ಮತ್ತು 60 ಕ್ವಿಂಟಲ್ ಕಡ್ಡಿ ಕೊಂಡರೆ ಹಣವೂ ಲಾರಿಯೂ ಏಕಕಾಲಕ್ಕೆ ಪೂರ್ತಿ ಬಳಕೆಯಾಗಿ ಲಾಭ 96,000 ರೂಪಾಯಿಗೆ ಏರುತ್ತದೆ. ಇದಕ್ಕಿಂತ ಹೆಚ್ಚಿನ ಲಾಭ ಈ ನಿರ್ಬಂಧಗಳೊಳಗೆ ಸಾಧ್ಯವಿಲ್ಲ. ಎರಡು ತಳಿ, ಎರಡು ನಿರ್ಬಂಧಗಳಿದ್ದಾಗ ಅನುಭವಿ ವ್ಯಾಪಾರಿ ಇದನ್ನು ಬಾಯಿಲೆಕ್ಕದಲ್ಲೇ ಕಂಡುಕೊಳ್ಳುತ್ತಾನೆ. ಇಪ್ಪತ್ತು ಸರಕು, ಮೂವತ್ತು ನಿರ್ಬಂಧಗಳಾದಾಗ ಬಾಯಿಲೆಕ್ಕ ಸೋಲುತ್ತದೆ. ಆಗ ಹಂತಹಂತವಾಗಿ ಉತ್ತರದತ್ತ ನಡೆಸುವ ನಿಶ್ಚಿತ ಗಣನವಿಧಾನ ಬೇಕಾಗುತ್ತದೆ. ಅದನ್ನೇ ಅಲ್ಗಾರಿದಂ ಎನ್ನುವುದು. ಈ ಉದಾಹರಣೆಗೆ ಲೇಖನದ ಕೊನೆಯಲ್ಲಿ ಮರಳಿ ಬರೋಣ. ಏಕೆಂದರೆ 96,000 ರೂಪಾಯಿಯ ಈ ಉತ್ತರದಲ್ಲಿ ಒಂದು ಅಪಾಯ ಅಡಗಿದೆ.

ಶಾಸ್ತ್ರದ ಹಿನ್ನೆಲೆ

1696ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಯೋಹಾನ್ ಬರ್ನೌಲಿ ಅವರು ಯೂರೋಪಿನ ಗಣಿತಜ್ಞರ ಮುಂದೆ ಒಂದು ಸಮಸ್ಯೆಯನ್ನಿಟ್ಟರು. ಎತ್ತರದ ಒಂದು ಬಿಂದುವಿನಿಂದ ತಗ್ಗಿನಲ್ಲಿ ಪಕ್ಕಕ್ಕಿರುವ ಇನ್ನೊಂದು ಬಿಂದುವಿಗೆ ಮಣಿಯೊಂದು ಜಾರಿ ಬರಬೇಕು. ಯಾವ ದಾರಿಯಲ್ಲಿ ಬಂದರೆ ಅತ್ಯಂತ ಬೇಗ ತಲುಪುತ್ತದೆ? ಉತ್ತರ ನೇರ ಗೆರೆಯಲ್ಲ. ಮೊದಲು ಕಡಿದಾಗಿ ಇಳಿದು ವೇಗವನ್ನು ಸಂಪಾದಿಸಿಕೊಂಡು ಅನಂತರ ಮಟ್ಟಸವಾಗುವ ಬಾಗಿದ ದಾರಿಯೇ ಶೀಘ್ರತಮವಾದುದು. ಅತಿ ಹತ್ತಿರದ ದಾರಿ ಅತಿ ಬೇಗದ ದಾರಿಯಾಗಿರಬೇಕಿಲ್ಲ ಎಂಬ ಈ ಮಾತು ಇಂದಿಗೂ ವಿಮಾನಪಥಗಳ ಲೆಕ್ಕಕ್ಕೆ ಅಡಿಗಲ್ಲು.

ಇಪ್ಪತ್ತನೆಯ ಶತಮಾನದಲ್ಲಿ ಈ ಶಾಸ್ತ್ರವು ಉದ್ದಿಮೆಯ ಅಂಗಳಕ್ಕೆ ಬಂದಿತು. 1938ರಲ್ಲಿ ಸೋವಿಯತ್ ಒಕ್ಕೂಟದ ಲಿಯೊನಿದ್ ಕಾಂಟರೊವಿಚ್ ಅವರ ಬಳಿಗೆ ಒಂದು ಪ್ಲೈವುಡ್ ಸಂಸ್ಥೆಯವರು ಬಂದು, ಬೇರೆ ಬೇರೆ ಜಾತಿಯ ಮರವನ್ನು ಬೇರೆ ಬೇರೆ ಯಂತ್ರಗಳಿಗೆ ಹೇಗೆ ಹಂಚಿದರೆ ಉತ್ಪಾದನೆ ಹೆಚ್ಚುತ್ತದೆಂದು ಕೇಳಿದರು. ಆ ಕಾರ್ಖಾನೆಯ ಪ್ರಶ್ನೆಯಿಂದ ಹುಟ್ಟಿದ ಗಣಿತಕ್ಕೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಅವರು ಇಂತಹ ಲೆಕ್ಕಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದರು. ನಮ್ಮ ಮೆಣಸಿನಕಾಯಿ ಲೆಕ್ಕದಲ್ಲಿ ನಾವು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅಂದರೆ ಬರಿ ಡಬ್ಬಿ, ಬರಿ ಕಡ್ಡಿ, ಎರಡರ ಮಿಶ್ರಣ ಎಂದು ನಡೆದುದು ಸ್ಥೂಲವಾಗಿ ಅದೇ ವಿಧಾನ.

ಹಾರಾಟದ ದೃಷ್ಟಿಯಿಂದ ಮುಖ್ಯವಾದ ಇನ್ನೊಂದು ಹೆಸರು ರಿಚರ್ಡ್ ಬೆಲ್‌ಮನ್ ಅವರದು. 1950ರ ದಶಕದಲ್ಲಿ ಅವರು ಮಂಡಿಸಿದ ತತ್ತ್ವ ಸರಳವಾದುದು: ಇಲ್ಲಿಯವರೆಗೆ ಹೇಗೆ ಬಂದೆವು ಎಂಬುದು ಏನೇ ಇರಲಿ, ಇಲ್ಲಿಂದ ಮುಂದಿನ ದಾರಿ ಇಂದಿನ ಸ್ಥಿತಿಗೆ ಅತ್ಯುತ್ತಮವಾದುದಾಗಿರಬೇಕು. ಅದೇ ದಶಕದಲ್ಲಿ ರಷ್ಯಾದ ಲೆವ್ ಪಾಂಟ್ರಿಯಾಗಿನ್ ಮತ್ತು ಅವರ ಶಿಷ್ಯರು ಕ್ಷಣಕ್ಷಣಕ್ಕೂ ಬದಲಾಗುವ ನಿಯಂತ್ರಣದ ಲೆಕ್ಕಕ್ಕೆ ಗಟ್ಟಿಯಾದ ಗಣಿತದ ನೆಲೆಯನ್ನು ಒದಗಿಸಿದರು.

ಹಾರಾಟದ ಲೆಕ್ಕ ಹೇಗೆ ಭಿನ್ನ?

ಲಾರಿಯ ಲೆಕ್ಕದಲ್ಲಿ ಒಮ್ಮೆ ತೀರ್ಮಾನ ಮಾಡಿದರೆ ಮುಗಿಯಿತು. ಹಾರಾಟದಲ್ಲಿ ಪ್ರತಿ ಕ್ಷಣವೂ ತೀರ್ಮಾನವೇ: ಎಂಜಿನ್ನಿಗೆ ಎಷ್ಟು ಬಲ, ಮೂತಿ ಯಾವ ಕಡೆಗೆ, ರೆಕ್ಕೆಯ ಫಲಕ ಎಷ್ಟು ಓರೆ. ಒಂದು ಕ್ಷಣದ ತೀರ್ಮಾನವು ಮುಂದಿನ ಎಲ್ಲ ಕ್ಷಣಗಳನ್ನೂ ಬದಲಿಸುತ್ತದೆ. ಆದ್ದರಿಂದ ಈ ಕೆಲಸವನ್ನು ಸಾಮಾನ್ಯವಾಗಿ ಎರಡು ಭಾಗವಾಗಿ ಹಂಚಲಾಗುತ್ತದೆ. ಹಾರಾಟಕ್ಕೆ ಮೊದಲೇ ನೆಲದ ಮೇಲಿನ ದೊಡ್ಡ ಗಣಕಗಳಲ್ಲಿ ತಿಂಗಳುಗಟ್ಟಲೆ ಲೆಕ್ಕ ಹಾಕಿ ಒಂದು ಮಾದರಿ ಪಥವನ್ನು ಸಿದ್ಧಪಡಿಸುವುದು ಮೊದಲನೆಯದು. ಹಾರಾಟದ ಸಮಯದಲ್ಲಿ ವಾಹನದೊಳಗಿನ ಪುಟ್ಟ ಗಣಕವು ತಾನಿರುವ ಸ್ಥಳ ಮತ್ತು ವೇಗವನ್ನು ಅಳೆದು, ಇಲ್ಲಿಂದ ಗುರಿಗೆ ಹೋಗುವ ದಾರಿಯನ್ನು ಮತ್ತೆ ಮತ್ತೆ ತಿದ್ದಿಕೊಳ್ಳುವುದು ಎರಡನೆಯದು. ಮೊದಲನೆಯದು ವರ್ಷಾರಂಭದ ಅಂದಾಜು ಆಯವ್ಯಯವಿದ್ದಂತೆ. ಎರಡನೆಯದು ದಿನದ ಕಿರ್ದಿ ಇದ್ದಂತೆ.

ಪ್ರಯಾಣಿಕ ವಿಮಾನಗಳಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ವೇಗವಾಗಿ ಹಾರಿದರೆ ಇಂಧನ ಹೆಚ್ಚು ಸುಡುತ್ತದೆ. ನಿಧಾನವಾಗಿ ಹಾರಿದರೆ ಸಿಬ್ಬಂದಿಯ ವೇತನ, ನಿರ್ವಹಣೆ ಮುಂತಾದ ಸಮಯದ ವೆಚ್ಚ ಏರುತ್ತದೆ. ಸಮಯದ ವೆಚ್ಚಕ್ಕೂ ಇಂಧನದ ವೆಚ್ಚಕ್ಕೂ ಇರುವ ಅನುಪಾತವನ್ನು ಕಾಸ್ಟ್ ಇಂಡೆಕ್ಸ್ ಎಂಬ ಒಂದೇ ಸಂಖ್ಯೆಯಾಗಿ ವಿಮಾನದ ಗಣಕಕ್ಕೆ ಕೊಡಲಾಗುತ್ತದೆ. ಗಣಕವು ಅದಕ್ಕೆ ತಕ್ಕಂತೆ ಏರುವ ಬಗೆ, ಹಾರುವ ವೇಗ, ಇಳಿಯಲು ಆರಂಭಿಸುವ ಸ್ಥಳಗಳನ್ನು ಗೊತ್ತುಮಾಡುತ್ತದೆ. ಇಂಧನ ತುಟ್ಟಿಯಾದಾಗ ಆ ಸಂಖ್ಯೆ ಇಳಿಯುತ್ತದೆ, ವಿಮಾನ ಕೊಂಚ ನಿಧಾನವಾಗುತ್ತದೆ. ಡೀಸೆಲ್ ದರ ಏರಿದಾಗ ಲಾರಿ ಮಾಲೀಕರು ಚಾಲಕರಿಗೆ ಹೇಳುವ ಮಾತೂ ಇದೇ ಅಲ್ಲವೇ?

ಮಂಗಳಯಾನ: ಮಿತವ್ಯಯದ ಪಥ

ಇಂಧನದ ಮಿತವ್ಯಯಕ್ಕೆ ನಮ್ಮ ರಾಜ್ಯದ ನೆಲದಿಂದಲೇ ನಿಯಂತ್ರಿಸಲ್ಪಟ್ಟ ಮಂಗಳಯಾನವು ಅತ್ಯುತ್ತಮ ನಿದರ್ಶನ. ಸುಮಾರು 450 ಕೋಟಿ ರೂಪಾಯಿ ವೆಚ್ಚದ ಈ ನೌಕೆಯು 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಮೇಲೇರಿತು. ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ ಅದರ ನಿಯಂತ್ರಣ ನಡೆಯಿತು. ದೂರದ ಸಂಪರ್ಕಕ್ಕೆ ಬ್ಯಾಲಾಳಿನಲ್ಲಿರುವ ಬೃಹತ್ ಆಂಟೆನಾಗಳು ನೆರವಾದವು.

ನೌಕೆಯ ಒಟ್ಟು ತೂಕ 1,337 ಕಿಲೋ. ಅದರಲ್ಲಿ 852 ಕಿಲೋ, ಅಂದರೆ ನೂರಕ್ಕೆ ಸುಮಾರು 64 ಭಾಗ ಇಂಧನವೇ. ಅದನ್ನು ನೇರವಾಗಿ ಮಂಗಳನತ್ತ ಎಸೆಯುವಷ್ಟು ಶಕ್ತಿ ಆ ರಾಕೆಟ್ಟಿಗಿರಲಿಲ್ಲ. ಆದ್ದರಿಂದ ಭೂಮಿಯ ಸುತ್ತಲೇ ಸುತ್ತಿಸುತ್ತ, ಪ್ರತಿ ಬಾರಿ ಭೂಮಿಗೆ ಅತ್ಯಂತ ಸಮೀಪ ಬಂದಾಗ ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸಲಾಯಿತು. ವೇಗ ಹೆಚ್ಚಿರುವ ಆ ಬಿಂದುವಿನಲ್ಲಿ ಉರಿಸಿದ ಒಂದು ಕಿಲೋ ಇಂಧನವು ಬೇರೆಡೆ ಉರಿಸಿದ ಒಂದು ಕಿಲೋಗಿಂತ ಹೆಚ್ಚು ಫಲ ಕೊಡುತ್ತದೆ. ನವೆಂಬರ್ 11ರಂದು ಉರಿಸಿದಾಗ ಒಂದು ಲಕ್ಷ ಕಿ.ಮೀ. ಎತ್ತರ ಮುಟ್ಟಬೇಕಿದ್ದ ಕಕ್ಷೆ ಸುಮಾರು 78 ಸಾವಿರ ಕಿ.ಮೀ.ಗೇ ನಿಂತಿತು. ಮರುದಿನವೇ ಹೊಸದಾಗಿ ಲೆಕ್ಕ ಹಾಕಿ ಹೆಚ್ಚುವರಿ ಉರಿಯೊಂದನ್ನು ಕೊಟ್ಟು ಕೊರತೆಯನ್ನು ತುಂಬಲಾಯಿತು. ಡಿಸೆಂಬರ್ 1ರಂದು ನೌಕೆ ಭೂಮಿಯನ್ನು ಬಿಟ್ಟು ಹೊರಟಿತು.

ಮುಂದಿನ ಸುಮಾರು 300 ದಿನಗಳ ಪಯಣದಲ್ಲಿ ಪಥವನ್ನು ತಿದ್ದಲು ಕೆಲವು ಅವಕಾಶಗಳನ್ನು ಮೊದಲೇ ಗೊತ್ತುಮಾಡಲಾಗಿತ್ತು. 2014ರ ಏಪ್ರಿಲ್‌ನಲ್ಲಿ ಮಾಡಬೇಕಿದ್ದ ತಿದ್ದುಪಡಿಯನ್ನು ಕೈಬಿಡಲಾಯಿತು. ಏಕೆಂದರೆ ನೌಕೆಯು ಆಗ ಸರಿಯಾದ ದಾರಿಯಲ್ಲಿಯೇ ಇತ್ತು. ಖರ್ಚಿಗೆ ಬಾಬತ್ತು ಇದೆ ಎಂಬ ಮಾತ್ರಕ್ಕೆ ಖರ್ಚು ಮಾಡಬೇಕಿಲ್ಲ ಎಂಬ ಈ ನೀತಿಯು ವ್ಯಾಪಾರಸ್ಥರಿಗೆ ಹೊಸದೇನಲ್ಲ. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆಯನ್ನು ಸೇರಿತು. ಆರು ತಿಂಗಳ ಆಯುಷ್ಯಕ್ಕೆಂದು ಕಳುಹಿಸಿದ್ದ ಅದು 2022ರವರೆಗೂ ಬಾಳಿತು.

ಚಂದ್ರಯಾನ-2 ಕಲಿಸಿದ ಪಾಠ

ಮಂಗಳಯಾನದಲ್ಲಿ ತಪ್ಪನ್ನು ತಿದ್ದಲು ಒಂದು ದಿನದ ಸಮಯವಿತ್ತು. ಚಂದ್ರನ ಮೇಲೆ ಇಳಿಯುವಾಗ ನಿಮಿಷಗಳೂ ಇರುವುದಿಲ್ಲ. 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 1.68 ಕಿ.ಮೀ., ಅಂದರೆ ಗಂಟೆಗೆ ಸುಮಾರು 6,000 ಕಿ.ಮೀ. ವೇಗದಲ್ಲಿರುವ ನೌಕೆಯು ಇಪ್ಪತ್ತು ನಿಮಿಷದೊಳಗೆ ವೇಗವನ್ನೆಲ್ಲ ಕಳೆದುಕೊಂಡು ನೆಲ ಮುಟ್ಟಬೇಕು. ಅಲ್ಲಿ ಗಾಳಿಯಿಲ್ಲವಾದ್ದರಿಂದ ಪ್ಯಾರಾಚೂಟ್ ಉಪಯೋಗಕ್ಕೆ ಬಾರದು, ಎಂಜಿನ್ನುಗಳೇ ಬ್ರೇಕು. ನೆಲದಿಂದ ಆಜ್ಞೆ ಕಳುಹಿಸಿ ತಿದ್ದುವಷ್ಟು ಬಿಡುವೂ ಇಲ್ಲ. ಎಲ್ಲವನ್ನೂ ನೌಕೆಯೊಳಗಿನ ಅಲ್ಗಾರಿದಂಗಳೇ ನಿರ್ಧರಿಸಬೇಕು.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆಯ ಸಂಪರ್ಕ ಅದು ನೆಲದಿಂದ 2.1 ಕಿ.ಮೀ. ಎತ್ತರವನ್ನು ದಾಟಿ ಕೆಳಗಿಳಿದ ಮೇಲೆ ಕಡಿದುಹೋಯಿತು. ನೌಕೆ ಬಡಿದು ಬಿದ್ದಿತು. ಅದಕ್ಕೆ ಕಾರಣಗಳೇನೆಂಬುದನ್ನು 2023ರ ಜುಲೈನಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಶ್ರೀ ಎಸ್. ಸೋಮನಾಥ್ ಅವರು ಸಾರ್ವಜನಿಕವಾಗಿ ವಿವರಿಸಿದರು. ವೇಗವನ್ನು ತಗ್ಗಿಸುವ ಐದು ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚು ಬಲವನ್ನು ಕೊಟ್ಟವು. ಅದರಿಂದಾದ ವ್ಯತ್ಯಾಸಗಳು ಕೂಡುತ್ತಾ ಹೋದವು. ಅವನ್ನು ತಿದ್ದಲು ನೌಕೆಯು ಬೇಗನೆ ಹೊರಳಬೇಕಾಯಿತು, ಆದರೆ ಹೊರಳುವ ವೇಗಕ್ಕೆ ತಂತ್ರಾಂಶದಲ್ಲಿ ಮಿತಿ ಇತ್ತು. ಇದರ ಜೊತೆಗೆ ಇಳಿಯಬೇಕಾದ ಜಾಗವು 500 ಮೀಟರ್ ಉದ್ದ, 500 ಮೀಟರ್ ಅಗಲದಷ್ಟು ಚಿಕ್ಕದಾಗಿತ್ತು. ಅದನ್ನು ಮುಟ್ಟುವ ಯತ್ನದಲ್ಲಿ ನೌಕೆಯ ವೇಗ ಹೆಚ್ಚಿತು.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಅಂಶವೊಂದಿದೆ. ಕೊರತೆಯಷ್ಟೇ ಲೆಕ್ಕವನ್ನು ಕೆಡಿಸುವುದೆಂದು ನಾವು ಭಾವಿಸುತ್ತೇವೆ. ಇಲ್ಲಿ ಎಂಜಿನ್ನುಗಳು ಹೆಚ್ಚು ಬಲ ಕೊಟ್ಟದ್ದೇ ತೊಡಕಿಗೆ ಮೂಲವಾಯಿತು. ಅಂದಾಜಿಗಿಂತ ಹೆಚ್ಚು ಬಂದ ಆವಕವು ಗೋದಾಮನ್ನೂ ಹಮಾಲರನ್ನೂ ಕಂಗೆಡಿಸುವುದನ್ನು ನಮ್ಮ ಪ್ರಾಂಗಣಗಳಲ್ಲಿ ಕಂಡವರಿಗೆ ಇದು ಅರ್ಥವಾಗುತ್ತದೆ. ಪ್ರತಿಯೊಂದು ನಿರ್ಬಂಧವೂ ಬಿಡಿಯಾಗಿ ನೋಡಿದಾಗ ಸಮಂಜಸವೇ ಆಗಿತ್ತು. ಎಲ್ಲವೂ ಒಟ್ಟಿಗೆ ಬಿಗಿದಾಗ ತಿದ್ದಿಕೊಳ್ಳಲು ಜಾಗವೇ ಉಳಿಯಲಿಲ್ಲ.

ಚಂದ್ರಯಾನ-3ರಲ್ಲಿ ವಿನ್ಯಾಸದ ಪ್ರಶ್ನೆಯನ್ನೇ ಬದಲಿಸಲಾಯಿತು. ಎಲ್ಲವೂ ಸರಿಯಾಗಿ ನಡೆದರೆ ಹೇಗೆ ಇಳಿಯಬೇಕು ಎಂಬುದರ ಬದಲಿಗೆ, ಏನೇನು ಕೆಡಬಹುದು, ಕೆಟ್ಟಾಗಲೂ ಹೇಗೆ ಇಳಿಯಬೇಕು ಎಂಬುದನ್ನು ಮೊದಲಿಗಿಟ್ಟರು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಹೆಚ್ಚು ಇಂಧನವನ್ನು ತುಂಬಿದರು. ಕಾಲುಗಳನ್ನು ಬಲಪಡಿಸಿದರು. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣವನ್ನು ಸೇರಿಸಿದರು. ಅಂಕಿಗಳ ಮೇಲೆ ನೋಡಿದರೆ ಇವೆಲ್ಲ ಅನಗತ್ಯ ತೂಕವೆಂದೇ ಕಂಡಾವು. ಇಂಧನ ಮಾತ್ರವೇ ಗುರಿಯಾಗಿದ್ದರೆ ಈ ಪಥ ಅತ್ಯುತ್ತಮವಾದುದಲ್ಲ. 2023ರ ಆಗಸ್ಟ್ 23ರ ಸಂಜೆ ನೌಕೆ ಚಂದ್ರನ ದಕ್ಷಿಣ ಧ್ರುವ ಪ್ರದೇಶದ ಸಮೀಪ ಸುರಕ್ಷಿತವಾಗಿ ಇಳಿಯಿತು.

ಚಳ್ಳಕೆರೆಯ ಪುಷ್ಪಕ್

ಈಗ ಚಿತ್ರದುರ್ಗ ಜಿಲ್ಲೆಗೆ ಮರಳೋಣ. ಒಮ್ಮೆ ಬಳಸಿದ ರಾಕೆಟ್ ಸಮುದ್ರದ ಪಾಲಾಗುವುದನ್ನು ತಪ್ಪಿಸಿ, ವಿಮಾನದಂತೆ ಮರಳಿ ಬಂದು ಇಳಿಯುವ ವಾಹನವನ್ನು ರೂಪಿಸುವುದು ಇಸ್ರೋದ ಉದ್ದೇಶ. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನೇತೃತ್ವದಲ್ಲಿ ಸಿದ್ಧವಾದ ಪುಷ್ಪಕ್ ಎಂಬ ವಾಹನದ ಇಳಿಯುವಿಕೆಯನ್ನು ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಮೂರು ಬಾರಿ ಪರೀಕ್ಷಿಸಲಾಯಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23ರಂದು.

ಎಂಜಿನ್ ಇಲ್ಲದೆ ಇಳಿಯುವ ವಾಹನದ ಸ್ಥಿತಿಯು ಹೊಸ ಬಂಡವಾಳ ಬರುವ ಭರವಸೆಯಿಲ್ಲದ ವ್ಯಾಪಾರಿಯ ಸ್ಥಿತಿಯಂತೆ. ಅದರ ಎತ್ತರ ಮತ್ತು ವೇಗಗಳೇ ಅದರ ಬಂಡವಾಳ. ಇಳಿದಂತೆಲ್ಲ ಎತ್ತರ ಖರ್ಚಾಗುತ್ತದೆ, ತಿರುಗಿದಂತೆಲ್ಲ ವೇಗ ಖರ್ಚಾಗುತ್ತದೆ. ಖರ್ಚಾದುದು ಮರಳಿ ಬಾರದು. ಕಡಿಮೆ ಉಳಿದರೆ ರನ್‌ವೇಗೆ ಮೊದಲೇ ನೆಲ ಕಚ್ಚಬೇಕಾಗುತ್ತದೆ. ಹೆಚ್ಚು ಉಳಿದರೆ ರನ್‌ವೇಯ ಆಚೆಗೆ ನುಗ್ಗಬೇಕಾಗುತ್ತದೆ. ಸಾಮಾನ್ಯ ವಿಮಾನದಂತೆ ಇನ್ನೊಂದು ಸುತ್ತು ಹಾಕಿ ಬರುವ ಅವಕಾಶವಿಲ್ಲ. ರೆಕ್ಕೆಗಳು ಗಿಡ್ಡವಾಗಿರುವುದರಿಂದ ವಾಹನವು ಕಡಿದಾಗಿ, ವೇಗವಾಗಿ ಇಳಿಯುತ್ತದೆ. ಮೂರನೆಯ ಪರೀಕ್ಷೆಯಲ್ಲಿ ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿ.ಮೀ.ಗೂ ಮಿಗಿಲಾಗಿತ್ತು, ಪ್ರಯಾಣಿಕ ವಿಮಾನಗಳದು ಸುಮಾರು 260 ಕಿ.ಮೀ. ಬ್ರೇಕ್ ಪ್ಯಾರಾಚೂಟ್ ಬಿಚ್ಚಿ ಅದನ್ನು 100 ಕಿ.ಮೀ.ಗೆ ಇಳಿಸಿದ ಮೇಲೆಯೇ ಚಕ್ರದ ಬ್ರೇಕುಗಳನ್ನು ಹಾಕಲಾಯಿತು.

ಈ ಪರೀಕ್ಷೆಗಳ ಕ್ರಮದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲ ಪರೀಕ್ಷೆಯಲ್ಲಿ ಸ್ಥಳ, ವೇಗ, ಎತ್ತರ ಮುಂತಾದ ಹತ್ತು ಅಳತೆಗಳು ಗೊತ್ತುಪಡಿಸಿದ ಮಿತಿಯೊಳಗೆ ಬಂದ ಮೇಲೆಯೇ ವಾಹನವು ಹೆಲಿಕಾಪ್ಟರಿನಿಂದ ತಾನಾಗಿ ಬಿಡಿಸಿಕೊಳ್ಳುವಂತೆ ಏರ್ಪಾಟು ಮಾಡಲಾಗಿತ್ತು. ಮರಳಿ ಬರಲಾಗದ ಹೆಜ್ಜೆಯನ್ನಿಡುವ ಮೊದಲು ಷರತ್ತುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಎರಡನೆಯದಾಗಿ, ಮೊದಲ ಯಶಸ್ಸಿನ ನಂತರ ಬೇಕೆಂದೇ ವಾಹನವನ್ನು ದಾರಿ ತಪ್ಪಿಸಿ ಬಿಡಲಾಯಿತು. ಎರಡನೆಯ ಪರೀಕ್ಷೆಯಲ್ಲಿ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ, ಮೂರನೆಯದರಲ್ಲಿ ಇನ್ನೂ ಬಿರುಸಾದ ಗಾಳಿಯಲ್ಲಿ 500 ಮೀಟರ್ ಪಕ್ಕಕ್ಕೆ. ಉದ್ದಕ್ಕೂ ಅಡ್ಡಕ್ಕೂ ಉಂಟಾಗುವ ವ್ಯತ್ಯಾಸಗಳನ್ನು ತಿದ್ದುವ ಅಲ್ಗಾರಿದಂ ಸಾಬೀತಾದುದು ಹೀಗೆ. ಅನುಕೂಲ ಸ್ಥಿತಿಯಲ್ಲಿ ಗೆದ್ದ ಲೆಕ್ಕವನ್ನು ಪ್ರತಿಕೂಲ ಸ್ಥಿತಿಯಲ್ಲಿ ಒರೆಗೆ ಹಚ್ಚಿದ ಮೇಲೆಯೇ ಅದನ್ನು ನಂಬಿದರು.

ನಮ್ಮ ವಹಿವಾಟಿಗೆ ಅನ್ವಯ

ಮೇಲಿನ ಪ್ರಸಂಗಗಳಿಂದ ಹೊರಡುವ ತಾತ್ಪರ್ಯ ಒಂದೇ: ಕಾಗದದ ಮೇಲೆ ಅತ್ಯಂತ ಅಗ್ಗವಾದ ಅಥವಾ ಅತ್ಯಂತ ಲಾಭದಾಯಕವಾದ ಪಥವು, ಅಂದಾಜು ಕೊಂಚ ತಪ್ಪಿದರೂ ಕುಸಿಯುವಂತಹುದಾದರೆ ಅದು ಅತ್ಯುತ್ತಮವಾದುದಲ್ಲ. ಬಿಡಬೇಕಾದ ಅಂಚನ್ನೂ ಒಂದು ನಿರ್ಬಂಧವಾಗಿ ಲೆಕ್ಕದೊಳಗೇ ಬರೆಯಬೇಕು. ಇದನ್ನು ನಾಲ್ಕು ಅಂಶಗಳಲ್ಲಿ ಅನ್ವಯಿಸಬಹುದು.

1. ಅಂಚಿನ ಬೆಲೆಯನ್ನು ಲೆಕ್ಕ ಹಾಕಿರಿ. ನಮ್ಮ ಮೆಣಸಿನಕಾಯಿ ವ್ಯಾಪಾರಿಯ ಉದಾಹರಣೆಗೆ ಮರಳೋಣ. 30 ಮತ್ತು 60 ಕ್ವಿಂಟಲಿನ ಉತ್ತರದಲ್ಲಿ ಪೂರ್ತಿ 15 ಲಕ್ಷವೂ ಬಳಕೆಯಾಗಿತ್ತು. ಟೆಂಡರಿನ ದಿನ ದರವು ಕ್ವಿಂಟಲ್‌ಗೆ 500 ರೂ. ಏರಿತೆನ್ನಿ. ಅದೇ ಸರಕಿಗೆ 45,000 ರೂ. ಹೆಚ್ಚು ಬೇಕು, ಕೈಗಡಕ್ಕೆ ಓಡಬೇಕು, ಇಲ್ಲವೆ ಲಾರಿಯನ್ನು ಅರೆಬರೆ ಕಳುಹಿಸಬೇಕು. ಮೊದಲೇ 60,000 ರೂ. ಅಂಚಾಗಿ ತೆಗೆದಿಟ್ಟು 14,40,000 ರೂಪಾಯಿಗೆ ಲೆಕ್ಕ ಹಾಕಿದ್ದರೆ ಉತ್ತರ 18 ಕ್ವಿಂಟಲ್ ಡಬ್ಬಿ, 72 ಕ್ವಿಂಟಲ್ ಕಡ್ಡಿ ಎಂದು ಬರುತ್ತದೆ. ಲಾಭ 93,600 ರೂ. ದರ 500 ರೂ. ಏರಿದರೂ ಈ ಖರೀದಿ 14,85,000 ರೂಪಾಯಿಯಲ್ಲಿ ಮುಗಿಯುತ್ತದೆ. ನಿಶ್ಚಿಂತೆಗಾಗಿ ಬಿಟ್ಟುಕೊಟ್ಟದ್ದು ಕೇವಲ 2,400 ರೂ. ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. 60,000 ರೂಪಾಯಿಗೆ 2,400 ರೂ. ಎಂದರೆ ಪ್ರತಿ ಸಾವಿರಕ್ಕೆ 40 ರೂ. ಈ ಖರೀದಿಯಲ್ಲಿ ಹೆಚ್ಚುವರಿ ಹಣದ ನಿಜವಾದ ಬೆಲೆ ಅಷ್ಟೇ. ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಸಾಲ ತಂದು ಕೊಳ್ಳುವುದು ನಷ್ಟವೆಂದು ಮೊದಲೇ ತಿಳಿಯುತ್ತದೆ.

2. ಇಂದಿನ ಸ್ಥಿತಿಯಿಂದಲೇ ಲೆಕ್ಕ ಆರಂಭಿಸಿರಿ. ಶೀತಲಗೃಹದಲ್ಲಿ ಸರಕಿಟ್ಟವರು ಕೊಂಡ ದರ ಮರಳಿ ಬರುವವರೆಗೆ ಮಾರುವುದಿಲ್ಲವೆಂದು ಹಟ ಹಿಡಿಯುವುದುಂಟು. ಬೆಲ್‌ಮನ್ ಅವರ ತತ್ತ್ವದ ಪ್ರಕಾರ ಕೊಂಡ ದರವು ದಾಟಿ ಬಂದ ದಾರಿ. ಇಂದು ಮಾರಿದರೆ ಬರುವ ಹಣವೆಷ್ಟು, ಇನ್ನೆರಡು ತಿಂಗಳು ಇಟ್ಟರೆ ಬಾಡಿಗೆ, ಬಡ್ಡಿ, ತೂಕದ ಇಳಿಕೆ ಕಳೆದು ಬರಬಹುದಾದುದೆಷ್ಟು ಎಂಬ ಪ್ರಶ್ನೆಗಳೇ ಮುಂದಿನ ದಾರಿ. ಪುಷ್ಪಕ್ ವಾಹನವು ತಾನು 500 ಮೀಟರ್ ಪಕ್ಕಕ್ಕೆ ಏಕೆ ಬಿಡಲ್ಪಟ್ಟೆನೆಂದು ಯೋಚಿಸಲಿಲ್ಲ. ಅಲ್ಲಿಂದ ರನ್‌ವೇಗೆ ಹೋಗುವ ದಾರಿಯನ್ನಷ್ಟೇ ಹುಡುಕಿತು.

3. ಮರಳಿ ಬರಲಾಗದ ತೀರ್ಮಾನಕ್ಕೆ ಮೊದಲೇ ಷರತ್ತು ಬರೆದಿಡಿರಿ. ಹೊಸ ಯಂತ್ರದ ಖರೀದಿ, ದೊಡ್ಡ ಉದ್ರಿ, ಬಿತ್ತನೆ ಬೀಜದ ಮುಂಗಡ ಒಪ್ಪಂದ, ಇವೆಲ್ಲ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡಂತೆ. ಯಾವ ಯಾವ ಅಳತೆಗಳು ಸರಿಯಿದ್ದರೆ ಮಾತ್ರ ಮುಂದುವರಿಯಬೇಕೆಂಬುದನ್ನು ಸಾವಧಾನದ ಸಮಯದಲ್ಲಿ ಬರೆದಿಟ್ಟರೆ, ಪೈಪೋಟಿಯ ಬಿಸಿಯಲ್ಲಿ ಮನಸ್ಸು ಜಾರುವುದಿಲ್ಲ.

4. ಲೆಕ್ಕವನ್ನು ಬೇಕೆಂದೇ ಕೆಡಿಸಿ ನೋಡಿರಿ. ದರ ಹತ್ತರಷ್ಟು ಏರಿದರೆ, ಲಾರಿ ಎರಡು ದಿನ ತಡವಾದರೆ, ಬರಬೇಕಾದ ಬಾಕಿ ತಿಂಗಳು ಮುಂದಕ್ಕೆ ಹೋದರೆ ಏನಾಗುತ್ತದೆಂದು ಪರೀಕ್ಷಿಸಿರಿ. ಆವಕ ಅಥವಾ ಬೇಡಿಕೆ ಅಂದಾಜಿಗಿಂತ ಹೆಚ್ಚಾದರೆ ಏನಾಗುತ್ತದೆಂಬುದನ್ನೂ ನೋಡಲು ಮರೆಯಬಾರದು.

ಇದಕ್ಕೆ ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಎಕ್ಸೆಲ್ ಕೋಷ್ಟಕದಲ್ಲಿ ಸಾಲ್ವರ್ ಎಂಬ ಸೌಲಭ್ಯವಿದೆ; ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ಇದೆ. ಗುರಿ, ಆಯ್ಕೆ, ನಿರ್ಬಂಧಗಳನ್ನು ಮೂರು ಜಾಗಗಳಲ್ಲಿ ತುಂಬಿದರೆ ಉತ್ತರ ಕ್ಷಣದಲ್ಲಿ ಬರುತ್ತದೆ. ಕಬ್ಬಿಣದ ಹಾಳೆಯನ್ನು ಹೇಗೆ ಕತ್ತರಿಸಿದರೆ ಚೂರು ಕಡಿಮೆ ಉಳಿಯುತ್ತದೆ, ಯಾವ ಆರ್ಡರನ್ನು ಯಾವ ಲೇತಿಗೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಕೃಷಿ ಉಪಕರಣ ತಯಾರಕರ ಪ್ರಶ್ನೆಗಳಿಗೂ ಇದೇ ವಿಧಾನ ಸಲ್ಲುತ್ತದೆ. ಕಾಂಟರೊವಿಚ್ ಅವರ ಪ್ಲೈವುಡ್ ಕಾರ್ಖಾನೆಯ ಪ್ರಶ್ನೆ ಇದೇ ಜಾತಿಯದಾಗಿತ್ತು. ಗಣಕವು ಕೊಡುವ ಉತ್ತರವು ನಾವು ಕೊಟ್ಟ ನಿರ್ಬಂಧಗಳಷ್ಟೇ ಪ್ರಾಮಾಣಿಕವಾಗಿರುತ್ತದೆ ಎಂಬ ಎಚ್ಚರ ಮಾತ್ರ ಸದಾ ಇರಬೇಕು.

ಉಪಸಂಹಾರ

ಬೆಳಗಾವಿ ಸಮೀಪದ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆಗಳು ನೆಲೆಯೂರಿವೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಚಳ್ಳಕೆರೆಯ ಪರೀಕ್ಷಾ ವಲಯವಂತೂ ನೆರೆಯಲ್ಲಿಯೇ ಇದೆ. ಹಾವೇರಿ ಜಿಲ್ಲೆಯು ಈ ಮೂರು ಊರುಗಳ ನಡುವಿನ ಹೆದ್ದಾರಿಯ ಮೇಲಿದೆ. ಇಂತಹ ಉದ್ದಿಮೆಗಳ ಬಾಗಿಲಿಗೆ ನಮ್ಮ ಸಣ್ಣ ತಯಾರಕರು ಎಂದಾದರೂ ಹೋಗಬೇಕೆಂದರೆ, ಅಲ್ಲಿಯವರು ಮಾತನಾಡುವ ಗುರಿ, ನಿರ್ಬಂಧ, ಅಂಚುಗಳ ಭಾಷೆಯನ್ನು ಇಂದೇ ರೂಢಿಸಿಕೊಳ್ಳುವುದು ಲೇಸು.

ಹಾಗೆ ಹೋಗದವರಿಗೂ ಈ ಲೆಕ್ಕದಿಂದ ನಷ್ಟವಿಲ್ಲ. ಚಂದ್ರಯಾನ-3 ಇಳಿಯುವ ಜಾಗವನ್ನು ಹಿಗ್ಗಿಸಿಕೊಂಡದ್ದರಿಂದ ಅದರ ಸಾಧನೆ ಚಿಕ್ಕದಾಗಲಿಲ್ಲ. ಮುಂದಿನ ಹಂಗಾಮಿನ ಖರೀದಿಗೆ ಕುಳಿತಾಗ ಸದಸ್ಯರು ಬಂಡವಾಳದ ಕೊನೆಯ ರೂಪಾಯಿಯವರೆಗೂ ಲೆಕ್ಕ ಹಾಕಲಿ. ಆ ಕೊನೆಯ ಕೆಲವು ಸಾವಿರ ರೂಪಾಯಿಗಳನ್ನು ತಿಜೋರಿಯಲ್ಲಿಯೇ ಉಳಿಸುವ ತೀರ್ಮಾನವೂ ಆ ಲೆಕ್ಕದಲ್ಲಿಯೇ ಸೇರಿರಲಿ.